ಕರ್ಮಣಿ ಪ್ರಯೋಗ

ಕ್ಲೀವ್‌ಲ್ಯಾಂಡಿನಲ್ಲಿ ಫೆಬ್ರವರಿ. ಸರೋವರದ ಗಾಳಿ
ಕೋರ್ಟಿನ ತಿರುಗು ಬಾಗಿಲನ್ನು ತಾನೇ ತಿರುಗಿಸುತ್ತಿತ್ತು.
ನನ್ನ ಕೆಲಸ ಇಷ್ಟೇ: ಆಡಿದ್ದನ್ನು ಆಡಿದ ಹಾಗೆ ಕುಟ್ಟುವುದು.
ಕೆಮ್ಮು ಬಿಡಬಹುದು. ಅತ್ತರೆ, ವಿರಾಮ ಎಂದು ಬರೆದರೆ ಸಾಕು.

ಬೆಳಿಗ್ಗೆ ಮಾರ್ಲನ್ ಕೊವಾಚ್, ವಯಸ್ಸು ಹತ್ತೊಂಬತ್ತು.
ಫ್ಲೀಟ್ ಅವೆನ್ಯೂ ಹಿಂದಿನ ಓಣಿಯಲ್ಲಿ
ಬ್ಯಾಂಕು ಬೀಗ ಜಡಿದ ಮನೆಗೆ ನುಗ್ಗಿ ತಾಮ್ರದ ಪೈಪು ಕಿತ್ತವನು.
ಕೇಳಿದರು. ಹೇಳಿದ:
ನಾನು ಒಳಗೆ ಹೋದೆ. ನಾನು ಕೊಯ್ದೆ. ನಾನು ಮಾರಿದೆ.
ನಲವತ್ತೊಂದು ಡಾಲರು ಬಂತು. ನಾನೇ ಖರ್ಚು ಮಾಡಿದೆ.
ಕತ್ತಲಲ್ಲಿ ವಾಲ್ವು ಹೇಗೆ ಸಿಕ್ಕಿತು ಎಂದರೆ
ಅದು ನಮ್ಮಜ್ಜಿ ಮನೆ ಸ್ವಾಮಿ, ಎಂದ,
ಆ ಬಚ್ಚಲಲ್ಲೇ ನನಗೆ ಮೀಯಿಸುತ್ತಿದ್ದಳು.
ವಿರಾಮ.
ಅವನ ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ ಇದ್ದ.
ಹನ್ನೊಂದು ತಿಂಗಳು.

ಮಧ್ಯಾಹ್ನ, ರಸ್ತೆ ದಾಟಿ, ಇನ್ನೊಂದು ಎತ್ತರದ ಕಟ್ಟಡ.
ಲಿಫ್ಟಿನಲ್ಲಿ ಏಳು ಜನ ವಕೀಲರು, ಒಂದೇ ಸೆಂಟಿನ ವಾಸನೆ.
ಬ್ಯಾಂಕಿನವರು ನಗುನಗುತ್ತ ನನಗೂ ಬಾಗಿಲು ಹಿಡಿದರು,
ಒಳ್ಳೆಯವರೇ, ಅದು ಸುಳ್ಳಲ್ಲ.
ಮೇಜಿನ ಮೇಲೆ ಜಪ್ತಿಯ ಪ್ರಮಾಣಪತ್ರಗಳು, ಒಂಬತ್ತು ಸಾವಿರ,
ಎಲ್ಲದರ ಕೆಳಗೂ ಡಾರ್ಲೀನ್ ಓಟ್ಸ್ ಎಂದು ಸಹಿ,
ಆರು ಬೇರೆ ಬೇರೆ ಕೈಬರಹದಲ್ಲಿ.
ನಡುವೆಲ್ಲೋ ಕೊವಾಚ್ ಎಂದು ಕಂಡ ಹಾಗಾಯಿತು;
ಸರಿಯಾಗಿ ನೋಡುವಷ್ಟರಲ್ಲಿ ಕಟ್ಟು ಬಿಗಿದರು.
ಡಾರ್ಲೀನ್ ಯಾರು?
ಸಹಿಗಳು ಮಾಡಲ್ಪಟ್ಟಿವೆ, ಎಂದರು.
ಲೋಪಗಳು ಸಂಭವಿಸಿವೆ. ಕಡತಗಳು ಕಾಣೆಯಾಗಿವೆ.
ಮನೆಗಳು ತೆರವುಗೊಳಿಸಲ್ಪಟ್ಟಿವೆ. ವಿಷಾದಿಸಲಾಗಿದೆ.

ಬೆರಳು ಒಂದು ಗಳಿಗೆ ನಿಂತವು.
ಏಳನೇ ಇಯತ್ತೆಯಲ್ಲಿ ದಾಕ್ಷಾಯಣಿ ಅಕ್ಕೋರು
ಬೋರ್ಡಿನ ಮೇಲೆ
'ಬೆಕ್ಕಿನಿಂದ ಹಾಲು ಕುಡಿಯಲ್ಪಟ್ಟಿತು' ಎಂದು ಬರೆದು
ಸುಣ್ಣದ ಕೈ ಝಾಡಿಸಿ ಅಂದಿದ್ದರು:
ಹಿಂಗ ಯಾರೂ ಮಾತಾಡೂದಿಲ್ಲ ಹುಡುಗ್ಯಾರ,
ಪರೀಕ್ಷಾಕ್ಕಷ್ಟ ಬರೀರಿ.

ಮಾತಾಡುತ್ತಾರೆ ಅಕ್ಕೋರೇ.
ಇಲ್ಲಿ ಅದಕ್ಕೆ ಗಂಟೆಗೆ ಒಂಬೈನೂರು ಡಾಲರು.
ಅದರಲ್ಲೂ 'ಬೆಕ್ಕಿನಿಂದ' ಎಂಬುದನ್ನು ಒರೆಸಿಬಿಟ್ಟಿದ್ದಾರೆ:
ಹಾಲು ಕುಡಿಯಲ್ಪಟ್ಟಿತು. ಬಟ್ಟಲು ಖಾಲಿ.
ಬೆಕ್ಕು ಈ ಲೋಕದಲ್ಲಿ ಹುಟ್ಟೇ ಇರಲಿಲ್ಲ.
ಕರ್ತೃ ಮಾಯವಾಗಿ ಕರ್ಮ ಮಾತ್ರ ಉಳಿದಿದೆ,
ಫ್ಲೀಟ್ ಅವೆನ್ಯೂ ಹಿಂದಿನ ಓಣಿಯಲ್ಲಿ,
ಕಿಟಕಿಗೆ ಹಲಗೆ ಬಡಿಸಿಕೊಂಡು.

ದಂಡ ಕಟ್ಟುತ್ತೇವೆ, ಎಂದರು ಕೊನೆಗೆ.
ತಪ್ಪನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.
ಕಟ್ಟುವ ದುಡ್ಡು ಯಾರದು ಎಂದು ಯಾರೂ ಕೇಳಲಿಲ್ಲ,
ಕೇಳದ್ದನ್ನು ನಾನು ಕುಟ್ಟುವಂತಿಲ್ಲ.
ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅನ್ನುತ್ತಿದ್ದರು ನಮ್ಮ ಕಡೆ.
ಆನೆ ಕದ್ದವರು ಆ ಸಂಜೆ
ಆನೆಯ ಮೇಲೇ ಕೂತು, ಸಿಗ್ನಲ್ಲಿಗೆ ನಿಂತು, ಮನೆಗೆ ಹೋದರು.

ರಾತ್ರಿ ಎರಡೂ ಪ್ರತಿ ತಿದ್ದಿದೆ, ಅಲ್ಪವಿರಾಮ, ಕಾಗುಣಿತ.
ಕೊನೆಯ ಪುಟದಲ್ಲಿ ಒಂದು ಸಾಲಿರುತ್ತದೆ:
ಇದನ್ನು ನಾನೇ ಬರೆದುಕೊಂಡೆ; ಸುಳ್ಳಾದರೆ ಶಿಕ್ಷೆಗೆ ಬಾಧ್ಯಳು.
ಎರಡಕ್ಕೂ ಸಹಿ ಹಾಕಿದೆ, ನೀಲಾ ಹಂಚಿನಾಳ,
ಒಂದೇ ಕೈಯಲ್ಲಿ.