ಮೂರನೆಯ ತಟ್ಟೆ

ಬೀದರದ ಪ್ರಯೋಗಾಲಯ, ಬೆಳಿಗ್ಗೆ ಎಂಟೂವರೆ.
ಕಾವುಪೆಟ್ಟಿಗೆಯ ಬಾಗಿಲು ತೆಗೆದರೆ
ಹಳಸಿದ ಹಿಟ್ಟಿನ ವಾಸನೆ.
ರಾತ್ರಿಯೆಲ್ಲ ಬೆಳೆದಿವೆ,
ನಾನೇ ಕೈಯಾರೆ ಬಿತ್ತಿದವು.

ತಿಳಿಗಂಜಿ ಬಣ್ಣದ ನೆಲ, ಅಂಗೈಯಗಲ.
ಮೇಲೆ ಆರು ಕಾಗದದ ಬಿಲ್ಲೆ, ಒಂದೊಂದಕ್ಕೆ ಒಂದು ಮದ್ದು.
ಮದ್ದು ನಾಟಿದರೆ ಬಿಲ್ಲೆಯ ಸುತ್ತ
ದುಂಡಗೆ ಬಯಲು ಬೀಳಬೇಕು.
ಸ್ಕೇಲು ಹಿಡಿದು ಆ ಬಯಲು ಅಳೆಯುವುದು ನನ್ನ ನೌಕರಿ.
ಇವತ್ತು ಅಳೆಯಲು ಇಲ್ಲ.
ಪಾನ್ ಡಬ್ಬಿಗೆ ಬೆನ್ನು ಹಚ್ಚಿ ಕೂತವರ ಹಾಗೆ
ಬಿಲ್ಲೆಗೇ ಒರಗಿ ಕೂತಿವೆ.
ಆರನೆಯದರ ಸುತ್ತ ಮಾತ್ರ
ಉಗುರಂಚಿನಷ್ಟು ಬಯಲು.

ಮೊದಲ ತಟ್ಟೆ ಎಮ್ಮೆಯದು.
ಚಂದ್ರಭಾಗಾಬಾಯಿ ಎಣ್ಣೆ ಸೀಸೆಯಲ್ಲಿ ತಂದಿದ್ದಳು.
ಅದನ್ನು ಚೆಲ್ಲಿ, ನಾನೇ ಹೋಗಿ ಹಿಂಡಿ ತಂದೆ.
ಕೆಚ್ಚಲು ಕಲ್ಲಾಗಿತ್ತು.
"ಮೂರು ಸಲ ಸೂಜಿ ಆತ್ರೀ.
ದವಾ ಅಂಗಡ್ಯಾಗ ಕೇಳ್ದೆ, ಕೊಟ್ಟ. ಮೈದುನನೇ ಚುಚ್ಚಿದ.
ಒಂದೇ ದಿನಕ್ಕ ಬಾವು ಇಳೀತು.
ಉಳಿದದ್ದು ಎತ್ತಿಟ್ಟೀನಿ,
ಮುಂದಿನ ಸಲಕ್ಕ ಬರ್ತದ ಅಂತ."

ಎರಡನೆಯದು ನಾಯಿಯ ಕಿವಿಯದು.
ಪಿಂಟ್ಯಾ, ಅದೇ ಮನೆಯದು.
"ಇದಕ್ಕ ಒಂದು ಗುಳಿಗಿನೂ ಕೊಟ್ಟಿಲ್ರೀ, ಆಣಿ."
ಹೌದು, ಕೊಟ್ಟಿಲ್ಲ.
ಸೀಸೆಯ ಚೀಟಿ ಓದಿ ಮಗಳು ಹೇಳಿದ್ದಳು,
ನಾಲ್ಕು ದಿನ ಹಾಲು ಮಾರಬಾರದು.
ಮಾತು ಮೀರುವ ಹೆಂಗಸಲ್ಲ.
ಡೇರಿಗೆ ಹಾಕಲಿಲ್ಲ, ಮೊಮ್ಮಗನಿಗೆ ಕುಡಿಸಲಿಲ್ಲ.
ಹಾಲನ್ನು ಮಣ್ಣಿಗೆ ಸುರಿಯಲು
ಕೈಯೇ ಬರಲಿಲ್ಲ.
ನಾಯಿಯ ಪರಾತವಿತ್ತು.
ಎರಡೂ ಹೊತ್ತು ಮೂತಿ ಮುಳುಗಿಸಿ ಕುಡಿಯಿತು.
ಅದರ ಜನ್ಮದಲ್ಲಿ ಅಂಥ ಹಬ್ಬ ಇನ್ನೊಂದಿಲ್ಲ.

ಮೂರನೆಯದಕ್ಕೆ ರಜಿಸ್ಟರಿನಲ್ಲಿ ಜಾಗವಿಲ್ಲ.
'ಪ್ರಾಣಿ' ಅನ್ನುವ ಕಾಲಂ ಖಾಲಿ ಬಿಟ್ಟಿದ್ದೇನೆ.
ಬಲಗೈ ಹೆಬ್ಬೆರಳು, ಉಗುರಿನ ಬುಡ,
ಎರಡು ತಿಂಗಳಿಂದ ಮಾಯದ ಕುರು.
"ನೀವೇ ನೋಡ್ರಿ ಅಕ್ಕ.
ದೊಡ್ಡ ದವಾಖಾನಿಗಿ ಹೋದ್ರ ದಿನಾನೇ ಹೋಗ್ತದ,
ಎಮ್ಮಿ ಯಾರು ಹಿಂಡ್ತಾರ?"

ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದೆ.
ಅದೇ ಐದು ಬಿಲ್ಲೆಗೆ ಅದೇ ಅಸಡ್ಡೆ.
ಆರನೆಯದರ ಸುತ್ತ
ಅದೇ ಉಗುರಂಚು, ಮೂರರಲ್ಲೂ.
ಎಮ್ಮೆ, ನಾಯಿ, ಮನುಷ್ಯಳು ಎಂಬ ಭೇದ
ನಮ್ಮ ರಜಿಸ್ಟರಿನದು, ಅವುಗಳದಲ್ಲ.

ದೊಡ್ಡ ದವಾಖಾನೆಗೆ ಚೀಟಿ ಬರೆದು,
ದಸ್ಕತ್ತು ಹಾಕಿ ಹೊರಗೆ ಬಂದರೆ
ಬೆಂಚಿನ ಮೇಲೆ ಕೂತಿದ್ದಾಳೆ, ಚೀಲ ತೊಡೆಯ ಮೇಲೆ.
ಚೀಟಿ ಈಸಿಕೊಳ್ಳುವ ಮೊದಲು
ಸ್ಟೀಲಿನ ಗಿಂಡಿಯೊಂದು ಮುಂದೆ ಚಾಚಿದಳು.
"ಇದು ಆ ಎಮ್ಮಿದಲ್ರೀ, ಇನ್ನೊಂದರದು.
ಈಗ ಹಿಂಡಿ ತಂದೀನಿ. ಚಾ ಮಾಡ್ಕೋರಿ."

ಗಿಂಡಿ ಇನ್ನೂ ಬೆಚ್ಚಗಿತ್ತು.
ಕಂಠದ ಮೇಲೆ, ಅರಿವೆ ಸುತ್ತಿದ
ಆ ಹೆಬ್ಬೆರಳು.