ಬಾರಿಸಿ ನೋಡುವುದು

ಉದ್ಯಮಬಾಗದ ಗೇಟಿನಲ್ಲಿ ವಾಚ್‌ಮನ್ ಬೇರೆ.
ಬೇವಿನ ಮರವಿದ್ದ ಜಾಗದಲ್ಲಿ
ಹೆಬ್ಬೆರಳು ಕೇಳುವ ಒಂದು ಡಬ್ಬಿ.
ಒತ್ತಿದೆ. ಒಪ್ಪಲಿಲ್ಲ.
ಹನ್ನೊಂದು ವರ್ಷ ಪಾತ್ರೆ ತಿಕ್ಕಿದ್ದಕ್ಕೆ
ಗೆರೆ ಸವೆದಿರಬೇಕು.
"ಬ್ಯಾರೆ ಬೆರಳು ಇಡ್ರಿ, ಬಾಯಾರ."
ಕಿರುಬೆರಳಿಗೆ ಬಾಗಿಲು ತೆರೆಯಿತು.

ಮೊನ್ನೆ ಪೋತದಾರ ಸಾಹೇಬರು
ನನ್ನ ಅರ್ಜಿಯ ಮೇಲೆ ಪೆನ್ನಿನ ತುದಿ ಊರಿ ಕೇಳಿದ್ದರು,
"ಇಲ್ಲಿಂದ ಇಲ್ಲೀತನಕಾ ಏನ್ ಮಾಡಿದ್ರಿ?"
"ಮನ್ಯಾಗ ಇದ್ದೆ, ಸರ್."
ಕೂದಲೆಳೆಯಷ್ಟು ಸಂದನ್ನೂ ಅಳೆಯಲು ನಮ್ಮಲ್ಲಿ
ಉಕ್ಕಿನ ಎಲೆಗಳಿವೆ, ಬೀಸಣಿಗೆಯಂತೆ ಬಿಚ್ಚುತ್ತವೆ.
ಈ ಸಂದಿಗೆ ಯಾವ ಎಲೆ ತೂರಿಸಲಿ?
ತಿಳಿಯದೆ ಚಹಾ ಮುಗಿಸಿದ್ದೆ.

ಡ್ರಾಯಿಂಗುಗಳೆಲ್ಲ ಈಗ ಪರದೆಯ ಮೇಲೆ.
ಇಪ್ಪತ್ನಾಲ್ಕರ ತಬಸ್ಸುಮ್ ನನಗೆ ಮೇಲಿನವಳು,
ಮೌಸ್ ಹಿಡಿದ ನನ್ನ ಕೈಮೇಲೆ ಕೈಯಿಟ್ಟು
ಅಕ್ಕಿಯಲ್ಲಿ ಅಕ್ಷರ ತೀಡಿಸಿದ ಹಾಗೆ, "ಹಗೂರ, ಹಗೂರ."
ಪಾಸ್‌ವರ್ಡ್ ಎರಡು ಸಲ ಮರೆತೆ.
ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ
ನಾಳೆ ಬರಬಾರದು ಅಂದುಕೊಂಡೆ.

ಮೂರರ ಸುಮಾರಿಗೆ ಬಂತು ಬ್ರೇಕ್ ಡ್ರಮ್ಮಿನ ರಾಶಿ.
ಲಾರಿ ಹೊರಗೆ ಹಾರ್ನ್ ಹೊಡೆಯುತ್ತಿದೆ,
ಬಿರುಕು ಹುಡುಕುವ ಯಂತ್ರ ಕೆಟ್ಟು ಕೂತಿದೆ,
ಮೆಕ್ಯಾನಿಕ್ ಕೊಲ್ಹಾಪುರದಲ್ಲಿ.
"ಒಂದು ಸಣ್ಣ ಸುತ್ತಿಗಿ ಕೊಡವಾ," ಅಂದೆ.

ಠಣ್.
ಠಣ್.
ಕೈಗೆ ಮೊದಲು ನೆನಪಾಯಿತು, ಆಮೇಲೆ ನನಗೆ.
ಯಾರು ಹೇಳಿದ್ದು ಅಭ್ಯಾಸ ತಪ್ಪಿತೆಂದು?
ತಿಳಕವಾಡಿಯ ಎರಡು ಕೋಣೆಯ ಮನೆಯಲ್ಲಿ
ಮಗಳ ಬೆನ್ನ ಹಿಂದೆ ನಿಂತು ದಿನಾ
ತಾಟು ಬಡಿದಿದ್ದೇನೆ, ತಂಬಿಗೆ ಬಡಿದಿದ್ದೇನೆ,
ತಿರುಗುತ್ತಾಳೇನೋ ಎಂದು.
ಕೆಳಗಿನ ಮನೆಯ ಕುಲಕರ್ಣಿ ಕಾಕೂ
ಮೊದಮೊದಲು ಜಗಳಕ್ಕೆ ಬಂದರು,
ಆಮೇಲೆ ತಮ್ಮ ಪೂಜೆಯ ಗಂಟೆ ಕೊಟ್ಟರು.
ಕಿವಿಗೆ ಯಂತ್ರ ಬಂದ ವರ್ಷ ತಿರುಗಿದಳು.
ಮತ್ತೆರಡು ವರ್ಷಕ್ಕೆ ಅವಳ ಮೊದಲ ಪೂರಾ ಮಾತು:
"ಸಾಕ್ ಮಾಡವಾ."

ಠಣ್. ಠಣ್. ಠಣ್.
ಥಪ್.
ಸುಣ್ಣದ ಕಡ್ಡಿಯಿಂದ ಅಡ್ಡಗೀಟು ಎಳೆದೆ.
ತಬಸ್ಸುಮ್ ಬಗ್ಗಿ ನೋಡಿದಳು,
ಮೊಬೈಲಿನ ಬೆಳಕು ಬಿಟ್ಟು ನೋಡಿದಳು.
"ಏನೂ ಕಾಣವಲ್ದಲ್ರಿ, ಮೇಡಂ. ಎಲ್ಲಾ ಒಂದss ಥರಾ ಐತಿ."

ಅವಳ ಹೆಗಲು ಹಿಡಿದು
ಗೋಡೆಯ ಕಡೆ ಮುಖ ಮಾಡಿಸಿದೆ.
"ನೋಡಬ್ಯಾಡ," ಅಂದೆ. "ನಾ ಬಾರಸ್ತೀನಿ.
ಬ್ಯಾರೆ ಅನಿಸಿದಾಗ ತಿರುಗು."