ಸೂಚನಾಫಲಕಕ್ಕೆ ಒಂದು ತಿದ್ದುಪಡಿ

ಪ್ರತಿ ತಿಂಗಳ ಮೊದಲ ಸೋಮವಾರ
ಗ್ರಂಥಾಲಯದ ಬಾಗಿಲ ಪಕ್ಕದ ಹಸಿರು ಬಟ್ಟೆಯ ಹಲಗೆಗೆ
ನಾನೇ ಟೈಪು ಮಾಡಿದ ಹಾಳೆಯೊಂದನ್ನು ಚುಚ್ಚುತ್ತೇನೆ.
ಗುಂಡುಪಿನ್ನು ನಾಲ್ಕು. ಮೂರಕ್ಕೆ ತುಕ್ಕು.

ಹೊಸದಾಗಿ ಬಂದವು:
ಮೂತ್ರಪಿಂಡದ ಮೇಲೆ ಎರಡು ಸಂಪುಟ, ತೂಕ ಐದು ಕೆ.ಜಿ.;
ಶಿಶುವಿನ ಹೃದಯದ ಬಣ್ಣದ ಪಟಗಳು;
ಮೂಲೆಯ ಕಂಪ್ಯೂಟರಿನಲ್ಲಿ, ಒಂದು ವರ್ಷದ ಚಂದಾಕ್ಕೆ,
ಲೋಕದ ಅಷ್ಟೂ ಕಾಯಿಲೆಗಳ ಪತ್ರಿಕೆಗಳು.
ಪಾಸ್‌ವರ್ಡ್ ನನ್ನ ಬಳಿ ಕೇಳಿ,
ಗೋಡೆಯ ಮೇಲೆ ಬರೆಯಬೇಡಿ.

ಹಾಸನದ ಈ ದೊಡ್ಡಾಸ್ಪತ್ರೆಯ ಎರಡನೇ ಮಹಡಿಗೆ
ರೋಗಿಗಳು ಬರುವುದಿಲ್ಲ. ಬಂದರೆ ದಾರಿ ತಪ್ಪಿ ಬರುತ್ತಾರೆ,
ಎಕ್ಸ್‌ರೇ ಕವರು ಹಿಡಿದು, "ಸ್ಕ್ಯಾನಿಂಗು ಇಲ್ಲೇನಾ ಸಾ?" ಅಂತ.
ಅಲ್ಲ ತಾಯಿ, ಇಲ್ಲಿ ಬರೀ ಓದೋದು, ಅನ್ನುತ್ತೇನೆ.
ಓದೋದು ಅಂದರೆ ಅವರಿಗೆ ಈಗಲೂ ಗೌರವ;
ಚಪ್ಪಲಿ ಸದ್ದಾಗದಂತೆ ಇಳಿದುಹೋಗುತ್ತಾರೆ.

ಈ ಸಲ ಹಾಳೆಯ ಕೆಳಗೆ ಇನ್ನೊಂದು ಸಾಲಿತ್ತು.
ನಮ್ಮವರ ಸಂಶೋಧನೆ: ಸಿಸ್ಟರ್ ತಸ್ಲೀಮಾ, ತುರ್ತು ವಿಭಾಗ,
ಹಾವು ಕಡಿತ, ನೂರ ಹನ್ನೆರಡು ಪ್ರಕರಣ,
ಚಿಕಿತ್ಸೆಗೆ ಮುನ್ನದ ವಿಳಂಬ ಕುರಿತು.
ಎರಡು ವರ್ಷ, ನೈಟ್ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬರುತ್ತಿದ್ದಳು.
ಅಂಕಿಅಂಶದ ಪುಸ್ತಕಕ್ಕೆ ಕೆನ್ನೆಯಾನಿಸಿ ನಿದ್ದೆ ಹೋದರೆ
ನಾನು ಫ್ಯಾನು ಒಂದು ಪಾಯಿಂಟು ಕಮ್ಮಿ ಮಾಡುತ್ತಿದ್ದೆ.
ಸಂಶೋಧನೆಗೆ ನನ್ನ ಕೊಡುಗೆ ಅಷ್ಟೇ.

ಲೇಖನದ ಕೊನೆಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಕೃತಜ್ಞತೆ:
ಡೀನ್ ಸಾಹೇಬರಿಗೆ, ವಿಭಾಗದ ಮುಖ್ಯಸ್ಥರಿಗೆ,
ಮತ್ತು ಆಂಬುಲೆನ್ಸ್ ಚಾಲಕ ಜವರಯ್ಯನಿಗೆ,
ಅವನ ನೋಟುಪುಸ್ತಕಕ್ಕಾಗಿ.

ಮಧ್ಯಾಹ್ನ ಜವರಯ್ಯ ಮೆಟ್ಟಿಲು ಹತ್ತಿ ಬಂದ.
ಹದಿನೆಂಟು ವರ್ಷ ಈ ಕಟ್ಟಡದ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿದವನು
ಈ ಮಹಡಿ ನೋಡಿದ್ದು ಇದೇ ಮೊದಲು.
"ನನ್ನೆಸ್ರು ಎಲ್ಲೈತೆ ತೋರ್ಸಿ."
ಬೆರಳಿಟ್ಟು ತೋರಿಸಿದೆ.
ಕತ್ತಲಲ್ಲಿ ಮೈಲಿಗಲ್ಲು ಓದುವವನ ಹಾಗೆ
ಬಗ್ಗಿ, ಕಣ್ಣು ಕಿರಿದು ಮಾಡಿ, ನೋಡಿದ.
ಆಮೇಲೆ ಹಲಗೆಯ ಹಾಳೆಗೆ ಬಂದು, "ಇದೇನು, ವಿಳಂಬ?"

ತಡ, ಅಂದೆ. ಕಚ್ಚಿದ್ದು ಸಂಜೆ ಆರಕ್ಕೆ,
ನೀನು ತಂದಿದ್ದು ಹನ್ನೊಂದಕ್ಕೆ,
ನಡುವಿನ ಆ ಐದು ಗಂಟೆ.

"ತಡ ಅಲ್ಲ ಸಾ ಅದು."

ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತೇ ಹೇಳಿದ:
ಆಲೂಗೆಡ್ಡೆ ಕೀಳುವ ಹೊಲದಲ್ಲಿ ಇದ್ದದ್ದು ಒಂದೇ ಟಾರ್ಚು.
ಹಾವೋ ಮುಳ್ಳೋ ಅಂತ ಮೊದಲ ಗಂಟೆ ಹೋಯಿತು.
ಮಂತ್ರ ಹಾಕುವವನು ಮದುವೆಗೆ ಹೋಗಿದ್ದ, ಅವನಿಗೆ ಕಾದದ್ದು.
ಟ್ರಾಕ್ಟರಿನ ಡೀಸೆಲ್ಲು ಕಡ್ಡಿ ಇಳಿಸಿ ಅಳೆದದ್ದು.
ಕಚ್ಚಿಸಿಕೊಂಡವಳು ತಾನೇ ಕುಂಟಿಕೊಂಡು,
ಮೊಲೆಗೂಸನ್ನು ಯಾರ ಕೈಗೆ ಕೊಡಲಿ ಎಂದು
ಮೂರು ಮನೆಯ ಬಾಗಿಲು ತಟ್ಟಿದ್ದು.
ಅರಕಲಗೂಡು ಸಮೀಪಿಸಿದ ಮೇಲೆ ಸಿಗ್ನಲ್ಲು ಸಿಕ್ಕಿ ನನಗೆ ಫೋನು.
ಊರೊಳಕ್ಕೆ ಬಂದರೆ ರೈಲ್ವೆ ಗೇಟು, ಗೂಡ್ಸು ಗಾಡಿ,
ನಲವತ್ತೆರಡು ಡಬ್ಬಿ, ಎಣಿಸಿದ್ದೇನೆ.
"ಅಷ್ಟೆಲ್ಲ ಕೆಲ್ಸ ಮಾಡವ್ರೆ ಜನ. ಯಾರೂ ತಡ ಮಾಡ್ನಿಲ್ಲ."

ಆ ಹೆಂಗಸು? ಎಂದೆ.
ಅರವತ್ತೊಂದನೇ ನಂಬರು, ಎಂದನಷ್ಟೇ.
ಅರವತ್ತೊಂದರ ಮುಂದೆ ತಸ್ಲೀಮಾ ಇಟ್ಟ ಗುರುತು
ನನಗೆ ಗೊತ್ತಿತ್ತು. ಹೇಳಲಿಲ್ಲ.
ಅವನಿಗೂ ಗೊತ್ತಿತ್ತು.

ವಿಷಕ್ಕೆ ನಮ್ಮಲ್ಲಿ ಕಪಾಟಿದೆ, ಆರುನೂರ ಹದಿನೈದು.
ಹೃದಯಕ್ಕಿದೆ, ಚರ್ಮಕ್ಕಿದೆ, ಕನಸು ಬೀಳುವುದಕ್ಕೂ ಇದೆ.
ಬಾಗಿಲು ತಟ್ಟುವುದಕ್ಕೆ ಯಾವ ನಂಬರು ಹಾಕಲಿ?

ಅವನು ಇಳಿದುಹೋದ ಮೇಲೆ
ಹಾಳೆಯ ಮೇಲಿನ ಆ ಪದಕ್ಕೆ ಬಿಳಿ ಬಣ್ಣ ಹಚ್ಚಿದೆ.
ಪೆನ್ನು ಹಿಡಿದು ಕೂತೆ, ಐದೂವರೆವರೆಗೆ.

ಬೆಳಿಗ್ಗೆ ಪಾಸ್‌ವರ್ಡ್ ಕೇಳಲು ಬಂದ ಹುಡುಗ ಡಾಕ್ಟರು ಹೇಳಿದ:
"ಸಾರ್, ಇಲ್ಲೊಂದು ಪದ ಬಿಟ್ಟುಹೋಗಿದೆ."
ತರಿಸಬೇಕು, ಅಂದೆ.
ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ,
ಯಾವಾಗ ಬರುತ್ತೋ ಗೊತ್ತಿಲ್ಲ.